ಪೋಸ್ಟ್‌ಡಾಕ್‌ಗೆ 43 ಇಮೇಲ್ ಕಳಿಸಿದೆ, ಬಂದ ಉತ್ತರ ಎರಡು. ಎಲ್ಲಿ ಎಡವುತ್ತಿದ್ದೇನೆ?

ಮಡಚಿದ_ಪ್ರೋಟೀನ್:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ಪಿಎಚ್‌ಡಿ ಮುಗಿಯಲು ಇನ್ನು ಐದಾರು ತಿಂಗಳಿದೆ. ಆಮೇಲಿನ ಪೋಸ್ಟ್‌ಡಾಕ್, ಅಂದರೆ ಇನ್ನೊಂದು ಲ್ಯಾಬ್‌ನಲ್ಲಿ ಕೆಲವು ವರ್ಷದ ಸಂಶೋಧನಾ ಕೆಲಸ, ಹುಡುಕುತ್ತಿದ್ದೇನೆ. ನನ್ನದು ಕ್ರಯೋ-ಇಎಂ, ಅಂದರೆ ಮಾದರಿಯನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡುವ ವಿಧಾನ. ಜೀವಕೋಶದ ಪೊರೆಯಲ್ಲಿ ಕೂತು ಸಕ್ಕರೆ, ಅಯಾನು ಇತ್ಯಾದಿಗಳನ್ನು ಒಳಗೆ ಹೊರಗೆ ಸಾಗಿಸುವ ಪ್ರೋಟೀನ್‌ಗಳ ರಚನೆ ನೋಡುವ ಕೆಲಸ. ನನ್ನ ಹೆಸರು ಮೊದಲಿರುವ ಪೇಪರ್ ಒಂದು ಪ್ರಕಟವಾಗಿದೆ. ಇನ್ನೊಂದು, ಪ್ರಕಟಣೆಗೆ ಮೊದಲೇ ಪೇಪರ್ ಹಾಕುವ ಬಯೋಆರ್ಕೈವ್ ತಾಣದಲ್ಲಿದೆ, ವಿಮರ್ಶಕರ ಉತ್ತರಕ್ಕೆ ಕಾಯುತ್ತಿದ್ದೇವೆ.

ಎರಡು ತಿಂಗಳಲ್ಲಿ 43 ಲ್ಯಾಬ್‌ಗಳಿಗೆ ಇಮೇಲ್ ಕಳಿಸಿದೆ. ಉತ್ತರ ಬಂದದ್ದು ಎರಡು. ಒಂದು, "ಸದ್ಯಕ್ಕೆ ಹಣ ಇಲ್ಲ, ಶುಭವಾಗಲಿ." ಇನ್ನೊಂದು, "ರಜೆಯಲ್ಲಿದ್ದೇನೆ" ಎನ್ನುವ ತಾನಾಗಿ ಬರುವ ಉತ್ತರ. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ, ನಗಬೇಡಿ.

ಕಳಿಸಿದ ಪತ್ರವನ್ನು ಕನ್ನಡಕ್ಕೆ ಇಳಿಸಿ ಹಾಕಿದ್ದೇನೆ. ಬಯ್ಯುವವರು ಬಯ್ಯಬಹುದು.

"ಮಾನ್ಯ ಪ್ರೊಫೆಸರ್, ನಾನು ರಚನಾ ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದೇನೆ. ನಿಮ್ಮ ಪ್ರತಿಷ್ಠಿತ ಪ್ರಯೋಗಾಲಯದ ಕೆಲಸ ನನಗೆ ಬಹಳ ಹಿಡಿಸಿದೆ. ನನಗೆ ಪ್ರೋಟೀನ್ ಶುದ್ಧೀಕರಣ, ಕ್ರಯೋ-ಇಎಂ, ವೆಸ್ಟರ್ನ್ ಬ್ಲಾಟ್, ಪಿಸಿಆರ್, ಕ್ಲೋನಿಂಗ್ ಬರುತ್ತದೆ. ಕಷ್ಟಪಟ್ಟು ಕೆಲಸ ಮಾಡುತ್ತೇನೆ, ತಂಡದಲ್ಲಿ ಹೊಂದಿಕೊಳ್ಳುತ್ತೇನೆ. ಯಾವುದಾದರೂ ಹುದ್ದೆ ಖಾಲಿ ಇದ್ದರೆ ದಯವಿಟ್ಟು ಪರಿಗಣಿಸಿ. ಸಿವಿ ಲಗತ್ತಿಸಿದ್ದೇನೆ."

ಪತ್ರದ ತಪ್ಪೋ, ನನ್ನ ಪೇಪರ್‌ಗಳು ಸಾಲದೋ, ಗೊತ್ತಾಗುತ್ತಿಲ್ಲ.

ದೂರದುರ್ಬೀನು:
43ರಲ್ಲಿ ಎರಡು ಅಂದರೆ ಕೆಟ್ಟದ್ದೇನಲ್ಲ ಮಾರಾಯ್ರೆ. ನನ್ನ ಗೆಳೆಯನೊಬ್ಬನಿಗೆ 60ರಲ್ಲಿ ಸೊನ್ನೆ.

ಹಳೇ_ಬೆಂಚು:
ನಾನು ಒಂದು ಸಣ್ಣ ಗುಂಪು ನಡೆಸುತ್ತೇನೆ. ಇಂಥ ಪತ್ರ ವಾರಕ್ಕೆ ಹತ್ತು ಹನ್ನೆರಡು ಬರುತ್ತವೆ. ಅವು ನನ್ನ ಮೇಜಿನ ಮೇಲೆ ಏನಾಗುತ್ತವೆ ಅಂತ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಸಾಲು ಓದುತ್ತೇನೆ. ಅದು ನನಗೇ ಬರೆದದ್ದೋ, ನೂರು ಜನಕ್ಕೆ ಬರೆದದ್ದೋ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. "ಪ್ರತಿಷ್ಠಿತ ಪ್ರಯೋಗಾಲಯ" ಅಂದ ಕೂಡಲೇ ನೂರು ಜನಕ್ಕೆ ಬರೆದದ್ದು ಅಂತ ತೀರ್ಮಾನ. ನನ್ನ ಲ್ಯಾಬ್‌ನಲ್ಲಿ ನಾಲ್ಕೇ ಜನ, ಒಂದು ಸೆಂಟ್ರಿಫ್ಯೂಜ್ ಕೆಟ್ಟು ಮೂರು ತಿಂಗಳಾಯಿತು. ಯಾವ ಪ್ರತಿಷ್ಠೆ ಹೇಳಿ.

ಆಮೇಲೆ ಆ ತಂತ್ರಗಳ ಪಟ್ಟಿ. ಪಿಸಿಆರ್ ಬರುತ್ತದೆ ಎಂದು ಪಿಎಚ್‌ಡಿ ಮುಗಿಸಿದವರು ಬರೆಯುವುದು, ಅಡುಗೆಯವರು ತಮಗೆ ಒಲೆ ಹಚ್ಚಲು ಬರುತ್ತದೆ ಅಂದಂತೆ. ನಿಮಗೆ ಏನೇನು ಬರುತ್ತದೆ ಅನ್ನುವುದಕ್ಕಿಂತ, ಅದರಿಂದ ಯಾವ ಕಷ್ಟದ ಗಂಟು ಬಿಡಿಸಿದಿರಿ ಅನ್ನುವುದು ನನಗೆ ಬೇಕು. ಪೊರೆಯ ಪ್ರೋಟೀನ್ ಮೇಲೆ ಕೆಲಸ ಮಾಡಿದ್ದೀರಿ. ಅದನ್ನು ಪೊರೆಯಿಂದ ಬಿಡಿಸಿ ಡಿಟರ್ಜೆಂಟ್‌ನಲ್ಲಿ ಇಟ್ಟಿರಾ, ನ್ಯಾನೊಡಿಸ್ಕ್ ಎಂಬ ಪೊರೆಯ ಪುಟ್ಟ ತುಣುಕಿನಲ್ಲಿ ಇಟ್ಟಿರಾ? ಗಾತ್ರ ಎಷ್ಟು? ಸಣ್ಣದಾಗಿದ್ದರೆ ಚಿತ್ರದಲ್ಲಿ ಕಣಗಳನ್ನು ಸಾಲುಹೊಂದಿಸುವುದೇ ಕಷ್ಟ, ಅದನ್ನು ಹೇಗೆ ದಾಟಿದಿರಿ? ಇದರಲ್ಲಿ ಒಂದು ಸಾಲು ಪತ್ರದಲ್ಲಿ ಇದ್ದಿದ್ದರೆ ನಾನು ಸಿವಿ ತೆರೆಯುತ್ತಿದ್ದೆ.

ಮೂರನೆಯದು ನಿಮ್ಮ ಕೈಯಲ್ಲಿಲ್ಲ. ಹಣ. ಪತ್ರ ಎಷ್ಟೇ ಚೆನ್ನಾಗಿರಲಿ, ನನ್ನ ಗ್ರಾಂಟ್ (ಸಂಶೋಧನೆಗೆ ಸಿಗುವ ಅನುದಾನ) ಮುಗಿಯುತ್ತಾ ಬಂದಿದ್ದರೆ "ಆಗುವುದಿಲ್ಲ" ಎಂದು ಬರೆಯಲೂ ಮನಸ್ಸು ಬರುವುದಿಲ್ಲ, ಸುಮ್ನಿರುತ್ತೇನೆ. ತಪ್ಪು ನನ್ನದೇ. ಆದರೆ ಆ ಮೌನವನ್ನು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪು ಅಂದುಕೊಳ್ಳಬೇಡಿ.

ಪಿಪೆಟ್_ಪುರಾಣ:
ಹಳೇ ಬೆಂಚು ಸರ್ ಹೇಳಿದ ಮೂರನೇ ಮಾತು ಕೈಯಲ್ಲಿಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಣ ಬರಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಯಾರ ಹತ್ತಿರ ಹಣ ಬಂದಿದೆ ಅಂತ ನೋಡುವುದು ಖಂಡಿತ ನಮ್ಮ ಕೈಯಲ್ಲಿದೆ. ನಾನು ಈಗಿರುವ ಎರಡನೇ ಪೋಸ್ಟ್‌ಡಾಕ್ ಸಿಕ್ಕಿದ್ದು ಹಾಗೇ.

ಸರ್ಕಾರದ ಹಣದಲ್ಲಿ ನಡೆಯುವ ಸಂಶೋಧನೆಯ ದಾಖಲೆ ಬಹಳ ಕಡೆ ಎಲ್ಲರಿಗೂ ತೆರೆದಿರುತ್ತದೆ. ಅಮೆರಿಕದ ಜೀವವಿಜ್ಞಾನಕ್ಕೆ, ಅಲ್ಲಿನ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ರಿಪೋರ್ಟರ್ ತಾಣ ಇದೆ. ಯಾರಿಗೆ ಯಾವ ಗ್ರಾಂಟ್, ಎಂದು ಶುರು, ಎಂದು ಮುಗಿಯುತ್ತದೆ, ಸಾರಾಂಶ ಏನು, ಎಲ್ಲವೂ ಅದರಲ್ಲಿ ಸಿಗುತ್ತದೆ. ಅಲ್ಲಿನ ಇನ್ನೊಂದು ಅನುದಾನ ಸಂಸ್ಥೆ ಎನ್‌ಎಸ್‌ಎಫ್‌ಗೂ ಹೀಗೇ ಹುಡುಕುವ ಪುಟ ಇದೆ. ಯುರೋಪಿಯನ್ ಒಕ್ಕೂಟದ ಯೋಜನೆಗಳಿಗೆ ಕಾರ್ಡಿಸ್. ಬ್ರಿಟನ್‌ಗೆ ಗೇಟ್‌ವೇ ಟು ರಿಸರ್ಚ್. ಜರ್ಮನಿಯ ಅನುದಾನ ಸಂಸ್ಥೆ ಡಿಎಫ್‌ಜಿಗೆ ಗೆಪ್ರಿಸ್. ಜಪಾನ್‌ಗೆ ಕಾಕೆನ್.

ನಾನು ಮಾಡಿದ್ದು ಇಷ್ಟೇ. ನನ್ನ ವಿಷಯದ ಐದಾರು ಪದಗಳನ್ನು ಹಾಕಿ, ಕಳೆದ ಒಂದು ವರ್ಷದಲ್ಲಿ ಶುರುವಾದ ಗ್ರಾಂಟ್‌ಗಳನ್ನು ಮಾತ್ರ ಸೋಸಿದೆ. ನಾಲ್ಕೈದು ವರ್ಷದ ಗ್ರಾಂಟ್ ಈಗಷ್ಟೇ ಶುರುವಾಗಿದೆ ಅಂದರೆ ಅದರಲ್ಲಿ ಒಬ್ಬರನ್ನಾದರೂ ತೆಗೆದುಕೊಳ್ಳುವ ಯೋಚನೆ ಇರುವ ಸಾಧ್ಯತೆ ಜಾಸ್ತಿ. ಜಾಹೀರಾತು ಬರುವ ಹೊತ್ತಿಗೆ ಎಷ್ಟೋ ಸಲ ಮನಸ್ಸಿನಲ್ಲಿ ಒಬ್ಬರು ಕೂತಾಗಿರುತ್ತದೆ. ಅದಕ್ಕೆ ಮುಂಚೆ ಹೋಗಬೇಕು.

ಯುರೋಪಿನ ಸಂಶೋಧನಾ ಮಂಡಳಿ ಇಆರ್‌ಸಿಯ ಸ್ಟಾರ್ಟಿಂಗ್ ಗ್ರಾಂಟ್ ಪಡೆದವರ ಪಟ್ಟಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಹೊರಬರುತ್ತದೆ. ಐದು ವರ್ಷಕ್ಕೆ 15 ಲಕ್ಷ ಯೂರೋವರೆಗೆ. ಪಡೆಯುವವರು ಹೊಸದಾಗಿ ಗುಂಪು ಕಟ್ಟುವವರು. ಕೈಯಲ್ಲಿ ಹಣ ಇದೆ, ಲ್ಯಾಬ್‌ನಲ್ಲಿ ಜನ ಇಲ್ಲ. ಆ ಪಟ್ಟಿ ಬಂದ ವಾರ ಕೂತು ಓದಿ.

ಮಡಚಿದ_ಪ್ರೋಟೀನ್:
ಅಯ್ಯೋ, ಇದು ನನಗೆ ಗೊತ್ತೇ ಇರಲಿಲ್ಲ. ನಾನು ನೇಚರ್ ಕರಿಯರ್ಸ್, ಯೂರಾಕ್ಸೆಸ್ ಎಂಬ ಎರಡು ಉದ್ಯೋಗ ತಾಣಗಳನ್ನೇ ದಿನಾ ತೆರೆದು ನೋಡುತ್ತಿದ್ದೆ. 43ರಲ್ಲಿ ಎಷ್ಟು ಲ್ಯಾಬ್‌ಗೆ ಹಣ ಇತ್ತು ಅಂತ ಈಗ ಹಿಂದೆ ಹೋಗಿ ನೋಡುತ್ತೇನೆ.

ದೂರದುರ್ಬೀನು:
ಖಗೋಳದವರ ಕಥೆ ಪೂರ್ತಿ ಬೇರೆ, ಯಾರಾದರೂ ನಮ್ಮ ಕಡೆಯವರು ಓದುತ್ತಿದ್ದರೆ ಇರಲಿ ಅಂತ ಬರೆಯುತ್ತೇನೆ.

ನಮ್ಮಲ್ಲಿ ಹೀಗೆ ಪತ್ರ ಬರೆದು ಕೆಲಸ ಕೇಳುವುದು ಕಡಿಮೆ. ವರ್ಷಕ್ಕೊಂದು ಸುಗ್ಗಿ. ಅಮೆರಿಕದ ಖಗೋಳ ಸಂಘ ಎಎಎಸ್‌ನ ಜಾಬ್ ರಿಜಿಸ್ಟರ್‌ನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಜಾಹೀರಾತು ತುಂಬಿಕೊಳ್ಳುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಕೊನೆಯ ದಿನಾಂಕಗಳು. ಹೊಸ ವರ್ಷದ ಆಸುಪಾಸಿನಲ್ಲಿ ಕರೆ ಬರುತ್ತದೆ. ಫೆಬ್ರವರಿ 15ರ ಮುಂಚೆ ಉತ್ತರ ಹೇಳಲೇಬೇಕು ಅಂತ ಒತ್ತಾಯ ಮಾಡಬಾರದು ಅನ್ನುವ ಒಪ್ಪಂದ ಇದೆ. ಕೆಲಸ ಶುರುವಾಗುವುದು ಮತ್ತೆ ಸೆಪ್ಟೆಂಬರ್‌ಗೆ. ಅಂದರೆ ಪ್ರಬಂಧ ಒಪ್ಪಿಸುವುದಕ್ಕೆ ಸುಮಾರು ಒಂದು ವರ್ಷ ಮೊದಲೇ ಅರ್ಜಿ ಹಾಕಬೇಕು. ನಾನು ಇದನ್ನು ಅರ್ಥಮಾಡಿಕೊಂಡದ್ದು ನವೆಂಬರ್ ಕೊನೆಯಲ್ಲಿ. ಒಂದು ವರ್ಷ ಹೋಯಿತು.

ನಾಸಾದ ಹಬಲ್ ಫೆಲೋಶಿಪ್‌ನಂಥವು ಮೂರು ವರ್ಷದ್ದು, ಹಣ ನಿಮ್ಮ ಹೆಸರಿಗೇ ಬರುತ್ತದೆ. ನಿಮ್ಮ ಯೋಜನೆ ನೀವೇ ನಡೆಸಬಹುದು. ಸ್ಪರ್ಧೆ ಮಾತ್ರ ಕೇಳಬೇಡಿ.

ಶೂನ್ಯಗಣ:
ಗಣಿತದಲ್ಲೂ ಸುಮಾರು ಹೀಗೇ. ಮ್ಯಾಥ್‌ಜಾಬ್ಸ್‌ನಲ್ಲಿ ಒಮ್ಮೆ ಪತ್ರಗಳನ್ನೆಲ್ಲ ಏರಿಸಿದರೆ ಅದೇ ಕಟ್ಟನ್ನು ಎಷ್ಟು ಕಡೆ ಬೇಕಾದರೂ ಕಳಿಸಬಹುದು. ಶಿಫಾರಸು ಬರೆಯುವವರಿಗೂ ಒಂದೇ ಸಲದ ಕೆಲಸ. ಕಣ ಭೌತಶಾಸ್ತ್ರದವರಿಗೆ ಇನ್‌ಸ್ಪೈರ್, ಜೊತೆಗೆ ಅಕಾಡೆಮಿಕ್ ಜಾಬ್ಸ್ ಆನ್‌ಲೈನ್. ಲ್ಯಾಬ್ ವಿಜ್ಞಾನದವರಿಗೆ ಈ ಭಾಗ್ಯ ಇಲ್ಲ ಅಂತ ಈಗ ಗೊತ್ತಾಯಿತು.

ಸ್ಫಟಿಕ:
ನಾನು ಬ್ಯಾಟರಿ ವಸ್ತುಗಳ ಮೇಲೆ ಕೆಲಸ ಮಾಡುತ್ತೇನೆ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ನಲ್ಲಿ ಎರಡು ವರ್ಷ ಇದ್ದೆ. ಪಿಐ, ಅಂದರೆ ಲ್ಯಾಬ್ ನಡೆಸುವವರ ಹತ್ತಿರ ಹಣ ಇಲ್ಲ ಅಂದ ಕೂಡಲೇ ಮಾತು ಮುಗಿಯಿತು ಅಂದುಕೊಳ್ಳಬೇಡಿ. "ನನ್ನ ಹಣ ನಾನೇ ತರಲು ನೋಡುತ್ತೇನೆ, ನೀವು ಆತಿಥೇಯರಾಗುತ್ತೀರಾ?" ಅಂತ ಕೇಳಿ ನೋಡಿ. ಅಲ್ಲಿಂದ ಮಾತಿನ ಧಾಟಿಯೇ ಬದಲಾಗುತ್ತದೆ.

ಆದರೆ ಒಂದು ಎಚ್ಚರ. ಈ ಫೆಲೋಶಿಪ್‌ಗಳಿಗೆಲ್ಲ ಗಡಿಯಾರ ಇದೆ. ಪದವಿ ಬಂದ ದಿನದಿಂದ ಟಿಕ್ ಟಿಕ್ ಶುರು. ಹಂಬೋಲ್ಟ್‌ಗೆ ಪಿಎಚ್‌ಡಿ ಆಗಿ ನಾಲ್ಕು ವರ್ಷದೊಳಗೆ ಪೋಸ್ಟ್‌ಡಾಕ್ ವಿಭಾಗದಲ್ಲಿ ಹಾಕಬೇಕು. ಜಪಾನ್‌ನ ಜೆಎಸ್‌ಪಿಎಸ್‌ಗೆ ಆರು ವರ್ಷ, ಮತ್ತು ಅದರ ಅರ್ಜಿ ನೀವು ಹಾಕುವುದಲ್ಲ, ಆತಿಥೇಯರು ತಮ್ಮ ಸಂಸ್ಥೆಯ ಮೂಲಕ ಹಾಕಬೇಕು. ಹಾಗಾಗಿ ಅವರನ್ನು ಬೇಗ ಹಿಡಿಯಬೇಕು. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ ಎಂಟು ವರ್ಷ. ಅಮೆರಿಕದ ಎನ್‌ಐಎಚ್ ಕೊಡುವ ಕೆ99 ಗ್ರಾಂಟ್‌ಗೆ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ಮೀರಿರಬಾರದು. ಅದು ಬೇರೆ ದೇಶದವರಿಗೂ ತೆರೆದಿದೆ, ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನೊಂದು ಗುಂಡಿ ಇದೆ, ನನ್ನ ಸಹಪಾಠಿ ಅದರಲ್ಲೇ ಬಿದ್ದಿದ್ದು. ಮೇರಿ ಕ್ಯೂರಿಯಲ್ಲಿ ಓಡಾಟದ ನಿಯಮ ಅಂತ ಇದೆ. ಅರ್ಜಿಯ ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ, ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಅವನು ಮೊದಲು ಸಣ್ಣ ಗುತ್ತಿಗೆಯ ಮೇಲೆ ಅಲ್ಲಿಗೇ ಹೋಗಿ, "ಇಲ್ಲಿದ್ದುಕೊಂಡೇ ಮುಂದಿನ ವರ್ಷ ಆರಾಮಾಗಿ ಅರ್ಜಿ ಹಾಕುತ್ತೇನೆ" ಅಂದುಕೊಂಡ. ಅಷ್ಟರಲ್ಲಿ ಹದಿನಾಲ್ಕು ತಿಂಗಳಾಗಿತ್ತು. ಅರ್ಹತೆಯೇ ಹೋಯಿತು.

ಪಿಪೆಟ್_ಪುರಾಣ:
ಮೇರಿ ಕ್ಯೂರಿಯನ್ನೇ ನಂಬಿಕೊಂಡು ಕೂರಬೇಡಿ. 2024ರಲ್ಲಿ ಹತ್ತು ಸಾವಿರ ಚಿಲ್ಲರೆ ಅರ್ಜಿ ಬಂದಿದ್ದವು, 2025ರಲ್ಲಿ ಅದು 17,000 ದಾಟಿತು. ಹಾಕಿ, ಆದರೆ ಅದೊಂದನ್ನೇ ಅಲ್ಲ.

ಜೀವವಿಜ್ಞಾನದವರಾದ್ದರಿಂದ ನಿಮಗೆ ಎಂಬೋ ಮತ್ತು ಎಚ್‌ಎಫ್‌ಎಸ್‌ಪಿ ಎಂಬ ಫೆಲೋಶಿಪ್ ಎರಡೂ ಇವೆ. ಎಂಬೋ ಎರಡು ವರ್ಷ, ಎಚ್‌ಎಫ್‌ಎಸ್‌ಪಿ ಮೂರು ವರ್ಷ. ಎಚ್‌ಎಫ್‌ಎಸ್‌ಪಿಯವರು ನೀವು ಇದುವರೆಗೆ ಮಾಡಿದ್ದನ್ನೇ ಇನ್ನೊಂದು ಪ್ರೋಟೀನ್ ಮೇಲೆ ಮಾಡುತ್ತೇನೆ ಅಂದರೆ ಒಪ್ಪುವುದಿಲ್ಲ. ದಿಕ್ಕು ಬದಲಾಗಬೇಕು. ನಿಮ್ಮ ಪತ್ರ ನೋಡಿದರೆ ಅದೇ ಕೆಲಸ, ಬೇರೆ ಕಟ್ಟಡ ಅನ್ನುವ ಹಾಗಿದೆ. ಅದರ ಬಗ್ಗೆ ಯೋಚಿಸಿದ್ದೀರಾ?

ಮಡಚಿದ_ಪ್ರೋಟೀನ್:
ನಿಜ ಹೇಳಬೇಕೆಂದರೆ ಇಲ್ಲ. ಐದು ವರ್ಷ ಒಂದೇ ಪ್ರೋಟೀನ್ ಜೊತೆ ಕಳೆದಿದ್ದೇನೆ. ಗೊತ್ತಿರುವುದನ್ನು ಬಿಟ್ಟು ಹೋಗಲು ಹೆದರಿಕೆ.

ಹಳೇ_ಬೆಂಚು:
ಈ ಹೆದರಿಕೆ ಎಲ್ಲರಿಗೂ ಇರುತ್ತದೆ. ನಿಮ್ಮ ಕೈಯಲ್ಲಿರುವುದು ಸ್ಥಿರ ಚಿತ್ರಗಳು. ಪ್ರೋಟೀನ್ ಒಳಮುಖವಾಗಿ ತೆರೆದಾಗ ಹೀಗಿರುತ್ತದೆ, ಹೊರಮುಖವಾಗಿ ತೆರೆದಾಗ ಹಾಗಿರುತ್ತದೆ. ನಡುವೆ ಅದು ಹೇಗೆ ಚಲಿಸುತ್ತದೆ ಅನ್ನುವುದನ್ನು ಒಂಟಿ ಅಣುವಿನ ಫ್ಲೋರೆಸೆನ್ಸ್‌ನವರು (ಒಂದೊಂದೇ ಅಣುವಿಗೆ ಹೊಳೆಯುವ ಗುರುತು ಹಾಕುವವರು) ನೋಡುತ್ತಾರೆ, ಸಿಮ್ಯುಲೇಶನ್‌ನವರು ನೋಡುತ್ತಾರೆ. ಅಂಥ ಲ್ಯಾಬ್‌ಗೆ ನಿಮ್ಮಂಥವರು ಬೇಕಾಗಿರುತ್ತಾರೆ, ಯಾಕೆಂದರೆ ಪ್ರೋಟೀನ್ ಮಾಡುವ ಕೈ ಅವರಲ್ಲಿ ಕಡಿಮೆ. ಹೇಗಿದ್ದರೂ ಪ್ರೋಟೀನ್ ರಚನೆಯನ್ನು ಊಹಿಸಿ ಕೊಡುವ ಎಐ ಆಲ್ಫಾಫೋಲ್ಡ್ ಬಂದ ಮೇಲೆ ಬರೀ ರಚನೆ ಕೊಡುತ್ತೇನೆ ಅಂದರೆ ಕೇಳುವವರು ಮೊದಲಿನಷ್ಟು ಇಲ್ಲ. "ರಚನೆ ಸಿಕ್ಕಿತು, ಸರಿ, ಮುಂದೆ?" ಅನ್ನುತ್ತಾರೆ.

ಕಂಪನಿ_ಕಡೆ:
ಒಂದು ಅಪಸ್ವರ. ಪೋಸ್ಟ್‌ಡಾಕ್ ಯಾಕೆ ಬೇಕು ಅಂತ ಯಾರೂ ಕೇಳಲೇ ಇಲ್ಲವಲ್ಲ. ಕ್ರಯೋ-ಇಎಂ ಗೊತ್ತಿರುವವರನ್ನು ಔಷಧ ಕಂಪನಿಗಳು ನೇರವಾಗಿ ತೆಗೆದುಕೊಳ್ಳುತ್ತವೆ. ಬೇಕೇ ಬೇಕು ಅಂದರೆ ಜೆನೆಂಟೆಕ್, ಆಸ್ಟ್ರಾಜೆನೆಕಾ, ನೊವಾರ್ಟಿಸ್‌ನಂಥ ಕಡೆ ಕಂಪನಿಯೊಳಗೇ ಪೋಸ್ಟ್‌ಡಾಕ್ ನಡೆದಿದೆ, ಪೇಪರ್ ಬರೆದವರೂ ಇದ್ದಾರೆ. ನಾನು ಮೂರು ವರ್ಷ ಪೋಸ್ಟ್‌ಡಾಕ್ ಮಾಡಿ ಆಮೇಲೆ ಹೊರಬಂದೆ. ಆ ಮೂರು ವರ್ಷ ಕೆಟ್ಟದಾಗಿರಲಿಲ್ಲ, ಆದರೆ ಅದು ಯಾಕೆ ಬೇಕು ಅಂತ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಪಕ್ಕದವರೆಲ್ಲ ಅರ್ಜಿ ಹಾಕುತ್ತಿದ್ದರು, ನಾನೂ ಹಾಕಿದೆ.

ಮಡಚಿದ_ಪ್ರೋಟೀನ್:
ಕೇಳಿಕೊಂಡಿದ್ದೇನೆ. ನನಗೆ ಮುಂದೆ ನನ್ನದೇ ಪ್ರಶ್ನೆ ಹಿಡಿದು ಕೂರಬೇಕು. ಆಗದಿದ್ದರೆ ನಿಮ್ಮ ಕಡೆ ಬರುತ್ತೇನೆ.

ನಿದ್ದೆಗೆಟ್ಟ_ಇಲಿ:
ಎಲ್ಲರೂ ಕೆಲಸ ಹೇಗೆ ಸಿಗುತ್ತದೆ ಅಂತ ಹೇಳುತ್ತಿದ್ದೀರಿ. ಸಿಕ್ಕ ಮೇಲಿನ ಕಥೆ ನಾನು ಹೇಳುತ್ತೇನೆ.

ನಾನು ಬಹಳ ದೊಡ್ಡ ಹೆಸರಿನ ಲ್ಯಾಬ್‌ಗೆ ಹೋದೆ. ಯಾವುದು, ಯಾರದು ಅಂತ ಹೇಳುವುದಿಲ್ಲ. ಸಂದರ್ಶನದಲ್ಲಿ ಪಿಐ ಇಪ್ಪತ್ತು ನಿಮಿಷ ಚೆನ್ನಾಗಿ ಮಾತಾಡಿದರು. ನಾನು ಅಲ್ಲೇ ಹೂಂ ಅಂದೆ. ಲ್ಯಾಬ್‌ನ ಬೇರೆ ಯಾರ ಜೊತೆಗೂ ಮಾತಾಡಲಿಲ್ಲ. ಹೋಗಿ ನಾಲ್ಕು ತಿಂಗಳ ಮೇಲೆ ಗೊತ್ತಾಯಿತು, ನನಗೆ ಕೊಟ್ಟ ಯೋಜನೆಯನ್ನೇ ಇನ್ನೊಬ್ಬರಿಗೂ ಕೊಟ್ಟಿದ್ದಾರೆ. ಯಾರು ಮೊದಲು ಮುಗಿಸುತ್ತಾರೋ ಅವರ ಹೆಸರು ಮೊದಲು. ಎದುರುಬದುರು ಬೆಂಚಿನಲ್ಲಿ ಕೂತು ಒಬ್ಬರಿಗೊಬ್ಬರು ಡೇಟಾ ಮುಚ್ಚಿಟ್ಟುಕೊಂಡು ಕೆಲಸ ಮಾಡಿದೆವು. ಗುತ್ತಿಗೆ ಮೂರು ಮೂರು ತಿಂಗಳಿಗೆ ಮುಂದುವರಿಕೆ. ಪ್ರತಿ ಸಲ ವೀಸಾ ಕಾಗದ, ಪ್ರತಿ ಸಲ ಹೊಟ್ಟೆಯಲ್ಲಿ ಸಂಕಟ. ಬಿಟ್ಟರೆ ವೀಸಾ ಹೋಗುತ್ತದೆ, ಇದ್ದರೆ ಆರೋಗ್ಯ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ. ಹದಿನಾಲ್ಕನೇ ತಿಂಗಳಿಗೆ ಬಿಟ್ಟೆ. ಪೇಪರ್ ಬಂದಾಗ ನನ್ನ ಹೆಸರು ಏಳನೆಯದು.

ಆ ಲ್ಯಾಬ್‌ನಲ್ಲಿ ಹಿಂದೆ ಇದ್ದ ಒಬ್ಬರನ್ನಾದರೂ ಕೇಳಿದ್ದರೆ ಹೇಳಿರುತ್ತಿದ್ದರು. ಆಮೇಲೆ ಕೇಳಿದಾಗ ಎಲ್ಲರೂ ಹೇಳಿದರು!

ದೂರದುರ್ಬೀನು:
ಓದಿ ಬೇಸರವಾಯಿತು. ಈಗ ಚೆನ್ನಾಗಿದ್ದೀರಲ್ವಾ?

ನಿದ್ದೆಗೆಟ್ಟ_ಇಲಿ:
ಈಗ ಸಣ್ಣ ಲ್ಯಾಬ್‌ನಲ್ಲಿದ್ದೇನೆ. ನಿದ್ದೆ ಬರುತ್ತದೆ. ಹೆಸರು ಬದಲಿಸಲು ಬೇಜಾರು, ಹಾಗೇ ಬಿಟ್ಟಿದ್ದೇನೆ.

ಸ್ಫಟಿಕ:
ಎಲ್ಲ ದೊಡ್ಡ ಲ್ಯಾಬ್ ಹೀಗಿರುವುದಿಲ್ಲ ಅನ್ನುವುದನ್ನೂ ಹೇಳಬೇಕು. ನಾನಿದ್ದ ಗುಂಪಿನಲ್ಲಿ ಮೂವತ್ತು ಜನ ಇದ್ದರು. ಪಿಐ ಸಿಗುತ್ತಿದ್ದದ್ದು ತಿಂಗಳಿಗೊಮ್ಮೆ. ಆದರೆ ಉಪಕರಣಕ್ಕೆ ಕಾಯುವ ಹಾಗಿರಲಿಲ್ಲ, ಪಕ್ಕದಲ್ಲಿ ಕೂತ ಜನ ಬಹಳ ಚುರುಕು, ಯಾರೂ ಯಾರ ಯೋಜನೆಗೂ ಕೈಹಾಕುತ್ತಿರಲಿಲ್ಲ. ತಾನಾಗಿ ನಡೆದುಕೊಂಡು ಹೋಗುವವರಿಗೆ ಅದು ಸ್ವರ್ಗ. ಪ್ರತಿ ವಾರ ಯಾರಾದರೂ ಕೇಳಬೇಕು, ತಿದ್ದಬೇಕು ಅನ್ನುವವರಿಗೆ ಅದೇ ಲ್ಯಾಬ್ ಮರುಭೂಮಿ.

ನಿದ್ದೆಗೆಟ್ಟ_ಇಲಿ:
ಒಪ್ಪುತ್ತೇನೆ. ಗಾತ್ರದ ಪ್ರಶ್ನೆ ಅಲ್ಲ. ಯೋಜನೆ ಯಾರದು ಅನ್ನುವ ಪ್ರಶ್ನೆ.

ಪಿಪೆಟ್_ಪುರಾಣ:
ಕೇಳುವುದು ಹೇಗೆ ಅನ್ನುವವರಿಗೆ ನಾನು ಮಾಡುವ ಕ್ರಮ ಇದು. ಲ್ಯಾಬ್‌ನ ಕಳೆದ ಎಂಟು ಹತ್ತು ವರ್ಷದ ಪೇಪರ್‌ಗಳನ್ನು ಪಬ್‌ಮೆಡ್ ಎಂಬ ಹುಡುಕು ತಾಣದಲ್ಲಿ ತೆಗೆಯುತ್ತೇನೆ. ಮೊದಲ ಹೆಸರುಗಳನ್ನು ಬರೆದುಕೊಳ್ಳುತ್ತೇನೆ. ಆ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ ಅಂತ ಹುಡುಕುತ್ತೇನೆ. ಲ್ಯಾಬ್‌ನ ಪುಟದಲ್ಲಿ "ಹಿಂದಿನ ಸದಸ್ಯರು" ಅಂತ ಇರುತ್ತದಲ್ಲ, ಅದರಲ್ಲಿ ಹೆಸರಿದ್ದು ಪೇಪರ್‌ನಲ್ಲಿ ಎಲ್ಲೂ ಇಲ್ಲದವರನ್ನು ವಿಶೇಷವಾಗಿ ನೋಡುತ್ತೇನೆ. ಎರಡು ವರ್ಷ ಇದ್ದು ಒಂದು ಪೇಪರೂ ಇಲ್ಲದೆ ಹೋದವರ ಹತ್ತಿರ ನಿಜವಾದ ಸುದ್ದಿ ಇರುತ್ತದೆ.

ಮತ್ತೆ, ಇಮೇಲ್‌ನಲ್ಲಿ "ಲ್ಯಾಬ್ ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಬರುತ್ತದೆ. ಯಾರೂ ಬರಹದಲ್ಲಿ ಕೆಟ್ಟದ್ದು ಬಿಟ್ಟುಕೊಡುವುದಿಲ್ಲ. ಹದಿನೈದು ನಿಮಿಷ ಫೋನ್ ಮಾಡಬಹುದಾ ಅಂತ ಕೇಳಿ. ಫೋನ್‌ನಲ್ಲೂ "ಹೇಗಿದೆ" ಅಂತ ಕೇಳಬೇಡಿ. "ಬಿಡುವಾಗ ನಿಮ್ಮ ಯೋಜನೆಯಲ್ಲಿ ಏನನ್ನು ಜೊತೆಗೆ ಒಯ್ಯಲು ಬಿಟ್ಟರು?" ಅಂತ ಕೇಳಿ. ಉತ್ತರಕ್ಕಿಂತ ಉತ್ತರದ ಮುಂಚಿನ ಮೌನ ಎಷ್ಟು ಉದ್ದ ಇದೆ ಅಂತ ನೋಡಿ.

ಶೂನ್ಯಗಣ:
ಶಿಫಾರಸು ಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಅರ್ಧ ಆಟ ಅದೇ.

ಮಡಚಿದ_ಪ್ರೋಟೀನ್:
ಅದನ್ನೇ ಕೇಳಬೇಕು ಅಂದುಕೊಂಡಿದ್ದೆ. ನನ್ನ ಗೈಡ್ ಒಳ್ಳೆಯವರು, ಆದರೆ ಮಾತು ಕಡಿಮೆ. "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಅನ್ನುತ್ತಾರೆ. ಸಮಿತಿಯಲ್ಲಿರುವ ಇನ್ನಿಬ್ಬರಿಗೆ ನನ್ನ ಮುಖ ನೆನಪಿದ್ದರೆ ಹೆಚ್ಚು.

ಹಳೇ_ಬೆಂಚು:
ನೀವೇ ಬರೆದದ್ದು ಓದುವವರಿಗೆ ಗೊತ್ತಾಗುತ್ತದೆ. ತನ್ನ ಬಗ್ಗೆ ಬರೆಯುವಾಗ ಜನ ಒಂದೋ ವಿಪರೀತ ಹೊಗಳುತ್ತಾರೆ, ಇಲ್ಲ ಸಿವಿಯನ್ನೇ ವಾಕ್ಯ ಮಾಡುತ್ತಾರೆ. ಗೈಡ್‌ಗೆ ಪತ್ರ ಬರೆದು ಕೊಡುವ ಬದಲು ಒಂದು ಪುಟದ ಟಿಪ್ಪಣಿ ಕೊಡಿ. ಯಾವ ತಿಂಗಳಲ್ಲಿ ಯಾವ ಪ್ರಯೋಗ ಕೈಕೊಟ್ಟಿತ್ತು, ನೀವು ಏನು ಬದಲಾಯಿಸಿದಿರಿ, ಆ ನಿರ್ಧಾರ ಯಾರದು, ಕಿರಿಯರಿಗೆ ಏನು ಕಲಿಸಿದಿರಿ. ಅದನ್ನು ನೋಡಿದರೆ ಮಾತು ಕಡಿಮೆ ಇರುವವರಿಗೂ ಬರೆಯಲು ಸರಕು ಸಿಗುತ್ತದೆ. ನಾನು ಒಬ್ಬರನ್ನು ತೆಗೆದುಕೊಂಡದ್ದು ಒಂದೇ ಸಾಲಿನಿಂದ: "ಎಂಟು ತಿಂಗಳು ನಾನು ತಪ್ಪು ಅಂದುಕೊಂಡಿದ್ದನ್ನು ಇವಳು ಸರಿ ಎಂದು ತೋರಿಸಿದಳು." ಯಾವ ವಿಶೇಷಣವೂ ಅಷ್ಟು ಹೇಳುವುದಿಲ್ಲ.

ಎರಡನೇ ಪತ್ರಕ್ಕೆ ಸಮಿತಿಯವರೇ ಆಗಬೇಕಿಲ್ಲ. ಜೊತೆಯಲ್ಲಿ ಪೇಪರ್ ಬರೆದ ಬೇರೆ ಸಂಸ್ಥೆಯವರು, ಮೈಕ್ರೋಸ್ಕೋಪ್ ಕೇಂದ್ರದ ಮುಖ್ಯಸ್ಥರು, ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಯಾರಾದರೂ ಸರಿ. ದೊಡ್ಡ ಹೆಸರಿನವರ ಮೂರು ಸಾಲಿಗಿಂತ ಅದು ವಾಸಿ.

ಮಡಚಿದ_ಪ್ರೋಟೀನ್ (ಹತ್ತು ದಿನದ ನಂತರ):
ಮೊದಲು ಲೆಕ್ಕ ಒಪ್ಪಿಸುತ್ತೇನೆ. ಆ 43 ಲ್ಯಾಬ್‌ಗಳಲ್ಲಿ 31ರ ಗ್ರಾಂಟ್ ದಾಖಲೆ ಸಿಕ್ಕಿತು. ಹತ್ತೊಂಬತ್ತರದ್ದು ಒಂದು ವರ್ಷದೊಳಗೆ ಮುಗಿಯುತ್ತದೆ ಅಥವಾ ಮುಗಿದಾಗಿದೆ. ಕತ್ತಲಲ್ಲಿ ಕಲ್ಲು ಹೊಡೆದಿದ್ದೇನೆ.

ಹೊಸ ಪಟ್ಟಿಯಲ್ಲಿ ಹನ್ನೊಂದೇ ಲ್ಯಾಬ್ ಇವೆ. ಒಂದಕ್ಕೆ ಬರೆದ ಪತ್ರ ಇಲ್ಲಿದೆ, ಪ್ರೋಟೀನ್ ಹೆಸರು ತೆಗೆದಿದ್ದೇನೆ (ನ್ಯಾನೊಬಾಡಿ ಅಂದರೆ ಪ್ರೋಟೀನ್‌ಗೆ ಅಂಟಿಕೊಳ್ಳುವ ಪುಟ್ಟ ಪ್ರತಿಕಾಯ; ಆಂಗ್‌ಸ್ಟ್ರಾಂ ಅಂದರೆ ಪರಮಾಣುಗಳ ಮಟ್ಟದ ಅಳತೆ):

"ನಿಮ್ಮ ಕಳೆದ ವರ್ಷದ ಪೇಪರ್‌ನಲ್ಲಿ ಈ ಪ್ರೋಟೀನ್ ಎರಡು ಸ್ಥಿತಿಗಳ ನಡುವೆ ಹೋಗುವುದನ್ನು ತೋರಿಸಿದ್ದೀರಿ, ಮೂರನೆಯದೊಂದು ಕ್ಷಣಿಕ ಸ್ಥಿತಿ ಇರಬಹುದು ಎಂದು ಕೊನೆಯಲ್ಲಿ ಹೇಳಿದ್ದೀರಿ. ನಾನು ಪಿಎಚ್‌ಡಿಯಲ್ಲಿ ಅದೇ ಕುಟುಂಬದ ಇನ್ನೊಂದು ಪ್ರೋಟೀನ್‌ನ ಇಂಥದೇ ಸ್ಥಿತಿಯನ್ನು ನ್ಯಾನೊಬಾಡಿಯಿಂದ ಕಟ್ಟಿಹಾಕಿ, ನ್ಯಾನೊಡಿಸ್ಕ್‌ನಲ್ಲಿ ಇಟ್ಟು, 3.1 ಆಂಗ್‌ಸ್ಟ್ರಾಂ ರಚನೆ ಪಡೆದೆ. ನಿಮ್ಮ ಪ್ರೋಟೀನ್‌ಗೂ ಇದು ಆಗಬಹುದು ಎಂದು ನನ್ನ ಅನಿಸಿಕೆ. ನನಗೆ ಗೊತ್ತಿಲ್ಲದ್ದು ನಿಮ್ಮ ಒಂಟಿ ಅಣುವಿನ ವಿಧಾನ, ಅದನ್ನು ಕಲಿಯಲು ಬರಬೇಕೆಂದಿದ್ದೇನೆ. ಆರು ತಿಂಗಳಲ್ಲಿ ಮುಗಿಸುತ್ತೇನೆ. ಎಚ್‌ಎಫ್‌ಎಸ್‌ಪಿ ಮತ್ತು ಎಂಬೋಗೆ ಅರ್ಜಿ ಹಾಕಲು ಸಿದ್ಧ. ಇಪ್ಪತ್ತು ನಿಮಿಷ ಮಾತಾಡಬಹುದೇ?"

ಹಳೇ_ಬೆಂಚು:
ಇದನ್ನು ಬರೆದವರೂ ಅದನ್ನು ಬರೆದವರೂ ಒಬ್ಬರೇನಾ?

ಒಂದೇ ತಿದ್ದುಪಡಿ. ಪತ್ರದ ವಿಷಯದ ಸಾಲಿನಲ್ಲಿ "ಪೋಸ್ಟ್‌ಡಾಕ್ ಅರ್ಜಿ" ಅಂತ ಹಾಕಬೇಡಿ. "ಮೂರನೇ ಸ್ಥಿತಿಯನ್ನು ಕಟ್ಟಿಹಾಕುವ ಬಗ್ಗೆ, 2026ರಿಂದ ಪೋಸ್ಟ್‌ಡಾಕ್" ಅಂತ ಹಾಕಿ. ಎರಡು ವಾರ ಉತ್ತರ ಬರದಿದ್ದರೆ ಅದೇ ಪತ್ರದ ಕೆಳಗೆ ಎರಡು ಸಾಲು ಬರೆದು ಒಮ್ಮೆ ನೆನಪಿಸಿ. ನಾನು ಉತ್ತರ ಕೊಡುವ ಪತ್ರಗಳಲ್ಲಿ ಅರ್ಧ ಎರಡನೇ ಸಲ ಬಂದವು. ಮೂರನೇ ಸಲ ಬೇಡ.

ಕಂಪನಿ_ಕಡೆ:
ಅಪಸ್ವರ ವಾಪಸ್ ತೆಗೆದುಕೊಂಡೆ.

ಮಡಚಿದ_ಪ್ರೋಟೀನ್ (ಏಳು ವಾರಗಳ ನಂತರ):
ಹನ್ನೊಂದು ಪತ್ರ, ಆರು ಉತ್ತರ. ಮೂರು ಕಡೆ ವಿಡಿಯೋ ಮಾತುಕತೆ ಆಯಿತು. ಒಂದು ಕಡೆ ನನ್ನ ಕೆಲಸದ ಬಗ್ಗೆ ಇಡೀ ಗುಂಪಿನ ಮುಂದೆ ಒಂದು ಗಂಟೆ ಮಾತಾಡಿಸಿದರು. ಎರಡನೇ ಸ್ಲೈಡ್‌ಗೇ ಪ್ರಶ್ನೆ ಶುರುವಾಗಿ ಒಂಬತ್ತನೇ ಸ್ಲೈಡ್ ದಾಟಲಿಲ್ಲ. ಕೆಟ್ಟದಾಗಿ ಹೋಯಿತು ಅಂದುಕೊಂಡೆ. ಅವರು ಅದನ್ನು ಚೆನ್ನಾಗಿ ಹೋಯಿತು ಅಂತ ಲೆಕ್ಕ ಹಾಕಿದ್ದರಂತೆ.

ಮೊದಲ ಸುತ್ತಿನಲ್ಲಿ "ರಜೆಯಲ್ಲಿದ್ದೇನೆ" ಅಂತ ಉತ್ತರ ಬಂದಿತ್ತಲ್ಲ, ಅವರಿಗೂ ಹೊಸ ಪತ್ರ ಕಳಿಸಿದ್ದೆ. ಈ ಸಲ ಅವರೇ ಬರೆದರು. ಹಣ ಇಲ್ಲ, ಆದರೆ ಕಾರಿಡಾರ್‌ನ ಆಚೆ ಹೊಸದಾಗಿ ಗುಂಪು ಕಟ್ಟುತ್ತಿರುವವರು ಇದ್ದಾರೆ, ಅವರಿಗೆ ಪತ್ರ ದಾಟಿಸಿದ್ದೇನೆ ಅಂದರು. ಆ ಗುಂಪಿನ ಹೆಸರು ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೆಲಸ ಕೊಡುತ್ತೇನೆ ಅಂದಿರುವುದು ಅವರೇ.

ಈಗ ಸಮಸ್ಯೆ. ಮೊದಲು ಒಂದು ವರ್ಷದ ಗುತ್ತಿಗೆ, "ಆಮೇಲೆ ಮುಂದುವರಿಸೋಣ" ಅನ್ನುತ್ತಾರೆ. ಇಲಿ ಅವರ ಕಥೆ ಓದಿದ ಮೇಲೆ ಹೆದರಿಕೆ. ಹೊಸ ಲ್ಯಾಬ್ ಆದ್ದರಿಂದ ಹಿಂದೆ ಇದ್ದವರು ಯಾರೂ ಇಲ್ಲ, ಯಾರನ್ನು ಕೇಳಲಿ?

ಪಿಪೆಟ್_ಪುರಾಣ:
ಅವರು ಪೋಸ್ಟ್‌ಡಾಕ್ ಮಾಡಿದ ಲ್ಯಾಬ್‌ನಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಇದ್ದವರನ್ನು ಕೇಳಿ. ಕಿರಿಯರನ್ನು ಹೇಗೆ ನೋಡಿಕೊಳ್ಳುತ್ತಿದ್ದರು, ಹೆಸರು ಹಾಕುವಾಗ ಹೇಗಿದ್ದರು ಅಂತ.

ಸ್ಫಟಿಕ:
ಒಂದು ವರ್ಷದ ಗುತ್ತಿಗೆ ಅಂದ ಮಾತ್ರಕ್ಕೆ ಮೋಸ ಅಲ್ಲ. ಬಹಳ ಸಂಸ್ಥೆಗಳ ಆಡಳಿತವೇ ಹಾಗೆ ಕೊಡುತ್ತದೆ. ಕೇಳಬೇಕಾದ್ದು ಬೇರೆ: ನನ್ನ ಸಂಬಳ ಬರುವ ಗ್ರಾಂಟ್ ಯಾವುದು, ಎಂದಿನವರೆಗೆ ಇದೆ? ಮುಂದುವರಿಕೆ ಯಾವ ತಿಂಗಳಲ್ಲಿ, ಯಾವುದರ ಮೇಲೆ ತೀರ್ಮಾನವಾಗುತ್ತದೆ? ಫೆಲೋಶಿಪ್ ಬಂದರೆ ನಾನು ನೌಕರಳೋ ಅಲ್ಲವೋ? ಇದು ಸಣ್ಣ ಮಾತಲ್ಲ. ಕೆಲವು ಕಡೆ ಫೆಲೋಶಿಪ್ ಬಂದ ಕೂಡಲೇ ನೌಕರರ ವಿಮೆ, ಪಿಂಚಣಿ ಎರಡೂ ತಪ್ಪಿಹೋಗುತ್ತವೆ. ಗೌರವ ಏರುತ್ತದೆ, ಸೌಲಭ್ಯ ಇಳಿಯುತ್ತದೆ. ಜರ್ಮನಿಯಾದರೆ ಪಿಎಚ್‌ಡಿ ನಂತರದ ಇಂಥ ಗುತ್ತಿಗೆಗಳಿಗೆ ಒಟ್ಟು ಆರು ವರ್ಷದ ಮಿತಿ ಇದೆ, ವೈದ್ಯಕೀಯಕ್ಕೆ ಒಂಬತ್ತು. ಅಮೆರಿಕದ ಜೆ-1 ವೀಸಾದ ರಿಸರ್ಚ್ ಸ್ಕಾಲರ್ ಆದರೆ ಗರಿಷ್ಠ ಐದು ವರ್ಷ. ನಡುವೆ ಮುಗಿಸಿ ಬಿಟ್ಟರೆ ಮತ್ತೆ ಅದೇ ವರ್ಗದಲ್ಲಿ ಬರಲು 24 ತಿಂಗಳು ಕಾಯಬೇಕು.

ನಿದ್ದೆಗೆಟ್ಟ_ಇಲಿ:
ನನ್ನ ಕಡೆಯಿಂದ ಎರಡೇ. ಈ ಯೋಜನೆಯಲ್ಲಿ ಇನ್ನು ಯಾರಿದ್ದಾರೆ ಅಂತ ಕೇಳಿ. ಬಿಡುವಾಗ ನ್ಯಾನೊಬಾಡಿ ಕೆಲಸ ನಿಮ್ಮ ಜೊತೆ ಬರುತ್ತದಾ ಅಂತ ಕೇಳಿ. ಮಾತಾಡಿ ಮುಗಿಸಿದ ಮೇಲೆ "ನಾವು ಮಾತಾಡಿದ್ದು ಇಷ್ಟು, ಸರಿಯಾ?" ಅಂತ ಇಮೇಲ್ ಬರೆದು ಹೂಂ ಅನ್ನಿಸಿಕೊಳ್ಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಹಳೇ_ಬೆಂಚು:
ಹೊಸ ಪಿಐಗಳಿಗೂ ಹೆದರಿಕೆ ಇರುತ್ತದೆ ಅಂತ ನೆನಪಿರಲಿ. ಮೊದಲ ಪೋಸ್ಟ್‌ಡಾಕ್ ಸರಿಹೋಗದಿದ್ದರೆ ಅವರ ಲ್ಯಾಬ್ ಎರಡು ವರ್ಷ ಹಿಂದೆ ಬೀಳುತ್ತದೆ. ನೀವು ಕೇಳುವ ಪ್ರಶ್ನೆಗಳನ್ನು ಅವರೂ ರಾತ್ರಿ ಕೂತು ಯೋಚಿಸುತ್ತಿರುತ್ತಾರೆ. ಇಬ್ಬರೂ ಒಂದೇ ಸಲ ಮೇಜಿನ ಮೇಲೆ ಇಟ್ಟುಬಿಡಿ.

ಮಡಚಿದ_ಪ್ರೋಟೀನ್:
ಪ್ರಶ್ನೆಗಳನ್ನು ಬರೆದು ಅವರಿಗೆ ಮೊದಲೇ ಕಳಿಸಿದೆ. "ಒಳ್ಳೆಯದಾಯಿತು, ನನ್ನದೂ ನಾಲ್ಕು ಪ್ರಶ್ನೆ ಇವೆ" ಅಂತ ಉತ್ತರ ಬಂತು. ಬುಧವಾರ ಮಾತಾಡುತ್ತೇವೆ. ಎಚ್‌ಎಫ್‌ಎಸ್‌ಪಿಯ ಮೊದಲ ಕರಡು ಅದಕ್ಕೆ ಮುಂಚೆ ಬೇಕಂತೆ, ಹಾಗಾಗಿ ಈ ವಾರ ಇಲ್ಲಿ ಕಾಣಿಸಿಕೊಳ್ಳುವುದಿಲ್ಲ.